ಫಾರ್ಮ್ಯಾಟ್ ಎಂಬ ಫರ್ಮಾನು

ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕ್ ಮೌಂಟ್ ಆಗುತ್ತಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಿಕೊಂಡು ನೋಡಿ. ರಿಪೇರಿ ಅಂಗಡಿಯವನಾಗಲಿ, ಆಫೀಸಿನಲ್ಲಿ ಸಿಸ್ಟಂ ನೋಡಿಕೊಳ್ಳುವವರಾಗಲಿ, ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಾಗಲಿ, ಕೊಡುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡೆದುಬಿಡಿ, ಸರಿಹೋಗುತ್ತೆ.’ ಸ್ವಲ್ಪ ಹೆಚ್ಚು ತಿಳಿದವರಾದರೆ ಫಾರ್ಮ್ಯಾಟಿಗೆ ಮುಂಚೆ ಇನ್ನೊಂದು ಮೆಟ್ಟಿಲು ಇಡುತ್ತಾರೆ: ‘ಒಂದು ಕಮಾಂಡ್ ಕಳಿಸ್ತೀನಿ, ಮುಂದೆ ಸುಡೊ ಹಾಕಿ ಓಡಿಸಿ. ಆಗಲಿಲ್ಲ ಅಂದ್ರೆ ಫೋರ್ಸ್ ಅಂತ ಸೇರಿಸಿ.’ ಸರಿಹೋಗುತ್ತದೆ ಎನ್ನುವುದೇನೋ ನಿಜ. ಡಿಸ್ಕ್ ಸರಿಹೋಗುತ್ತದೆ, ಅದರಲ್ಲಿದ್ದದ್ದು ಹೋಗುತ್ತದೆ.

ಮದುವೆ, ನಾಮಕರಣ, ತೀರಿಹೋದ ತಾಯಿಯ ಫೋಟೊ ಹೋಗುತ್ತವೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಸಿಟ್ಟ, ಇನ್ನೆಲ್ಲೂ ಪ್ರತಿಯಿಲ್ಲದ ಬರವಣಿಗೆ ಹೋಗುತ್ತದೆ. ಅಂಗಡಿಯ ಹಳೆಯ ಲೆಕ್ಕ ಹೋಗುತ್ತದೆ. ಹೋದಮೇಲೆ ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ‘ಡಿಸ್ಕ್ ಕೆಟ್ಟಿತ್ತು ಸಾರ್’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಕೆಟ್ಟಿತ್ತೇ? ಕೆಟ್ಟಿದೆ ಎಂದು ನೋಡಿದವರು ಯಾರು? ಏನನ್ನು ನೋಡಿ ಹೇಳಿದರು? ಕೆಟ್ಟಿದ್ದರೆ ಫಾರ್ಮ್ಯಾಟ್ ಮಾಡಿದ ಮೇಲೆ ಅದೇ ಡಿಸ್ಕ್ ಹೊಸದರಂತೆ ಓಡುತ್ತಿರುವುದು ಹೇಗೆ?

ಈ ಸಲಹೆಯ ಬುಡದಲ್ಲಿ ಒಂದು ನಂಬಿಕೆ ಇದೆ. ಮೌಂಟ್ ಆಗದಿರುವುದೇ ರೋಗ, ಹೇಗಾದರೂ ಮಾಡಿ ಮೌಂಟ್ ಮಾಡಿಸಿದರೆ ಅದೇ ಚಿಕಿತ್ಸೆ ಎಂಬ ನಂಬಿಕೆ. ಅದು ತಪ್ಪು, ಅಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅದು ಅಪಾಯಕಾರಿ. ‘ಈ ಡಿಸ್ಕನ್ನು ಮೌಂಟ್ ಮಾಡಲಾರೆ’ ಎಂದು ಲಿನಕ್ಸಿನ ತಿರುಳಾದ ಕರ್ನಲ್ ಹೇಳುವಾಗ ಅದು ಬಹಳ ಸಲ ನಿಮ್ಮ ಫೈಲುಗಳ ಪರವಾಗಿ ನಿಂತಿರುತ್ತದೆ. ಆ ನಿರಾಕರಣೆಗೆ ಕಾರಣ ಕೇಳದೆ ಅದನ್ನು ಮುರಿಯಲು ಹೊರಡುವವರೆಲ್ಲ, ಎಷ್ಟೇ ಒಳ್ಳೆಯ ಮನಸ್ಸಿನವರಾಗಿರಲಿ, ಮಾಡುತ್ತಿರುವುದು ವಿಧ್ವಂಸ.

ಮೌಂಟ್ ಎಂಬ ಕಮಾಂಡಿಗೆ ಅರ್ಧ ಶತಮಾನ ದಾಟಿದೆ. ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟಿದ ಯೂನಿಕ್ಸಿನ ಮೊದಲ ಕೈಪಿಡಿ 1971ರ ನವೆಂಬರಿನದು. ಮೌಂಟ್ ಅದರಲ್ಲೇ ಇದೆ. ಯೂನಿಕ್ಸಿನಲ್ಲಿ, ಅದರ ಹಾದಿ ಹಿಡಿದ ಲಿನಕ್ಸಿನಲ್ಲೂ, ಸಿ ಡ್ರೈವು, ಡಿ ಡ್ರೈವು ಎಂದು ಬೇರೆ ಬೇರೆ ಮನೆಗಳಿಲ್ಲ. ಇರುವುದು ಒಂದೇ ಡೈರೆಕ್ಟರಿ ಮರ, ಪ್ರತಿ ಡಿಸ್ಕೂ ಅದರ ಯಾವುದೋ ಕೊಂಬೆಗೆ ಸೇರಿಕೊಳ್ಳಬೇಕು. ಸೇರಿಸಿಕೊಳ್ಳುವ ಮುಂಚೆ ಕರ್ನಲ್ ಪರೀಕ್ಷೆ ಮಾಡುತ್ತದೆ. ಈ ಡಿಸ್ಕಿನ ಮೇಲಿರುವ ಫೈಲ್‌ಸಿಸ್ಟಂ ಯಾವುದು, ಅದನ್ನು ಓದಬಲ್ಲ ಡ್ರೈವರ್ ನನ್ನ ಬಳಿ ಇದೆಯೇ, ಕಳೆದ ಸಲ ಇದನ್ನು ಸರಿಯಾಗಿ ಮುಚ್ಚಿದ್ದರೇ, ಬೇರೆ ಯಾರಾದರೂ ಇದನ್ನು ಹಿಡಿದುಕೊಂಡಿದ್ದಾರೆಯೇ. ಯಾವುದಾದರೂ ಒಂದು ಪ್ರಶ್ನೆಗೆ ಉತ್ತರ ಸರಿಬರದಿದ್ದರೆ ನಿಲ್ಲುತ್ತದೆ. ನಿಲ್ಲಬೇಕಾದದ್ದೇ.

ನಿಂತಾಗ ಬಳಕೆದಾರರಿಗೆ ಕಾಣುವುದೇನು? ಒಂದು ಕುಪ್ರಸಿದ್ಧ ವಾಕ್ಯ. ಕನ್ನಡಕ್ಕೆ ತಂದರೆ ಹೀಗಿರುತ್ತದೆ: ಫೈಲ್‌ಸಿಸ್ಟಂ ವಿಧ ತಪ್ಪಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್ಮಿನ ಮುಖ್ಯ ವಿವರವಿರುವ ಬ್ಲಾಕ್) ಕೆಟ್ಟಿರಬಹುದು, ಕೋಡ್‌ಪೇಜ್ ಅಥವಾ ಸಹಾಯಕ ಪ್ರೋಗ್ರಾಂ ಇಲ್ಲದಿರಬಹುದು, ಅಥವಾ ಇನ್ನೇನಾದರೂ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಐದು ಸಾಧ್ಯತೆಗಳು ಒಂದೇ ಉಸಿರಿನಲ್ಲಿ! ಕಾರಣ ಸರಳ. ಹಳೆಯ ಮೌಂಟ್ ಸಿಸ್ಟಂ ಕರೆ ವಿಫಲವಾದಾಗ ಕರ್ನಲ್ ಹಿಂತಿರುಗಿಸುವುದು ಒಂದು ಅಂಕಿಯನ್ನು ಮಾತ್ರ. ಇಲ್ಲಿ ಅದು 22, ಅಂದರೆ ‘ಕೊಟ್ಟದ್ದು ಸರಿಯಿಲ್ಲ’. ಏನು ಸರಿಯಿಲ್ಲ ಎಂಬುದು ಆ ಅಂಕಿಯಲ್ಲಿಲ್ಲ, ಹಾಗಾಗಿ ಮೌಂಟ್ ಪ್ರೋಗ್ರಾಂ ಊಹೆಗಳ ಪಟ್ಟಿಯನ್ನು ಮುಂದಿಡುತ್ತದೆ. ನಿಜವಾದ ಕಾರಣವನ್ನು ಕರ್ನಲ್ ಸಾಮಾನ್ಯವಾಗಿ ಅದೇ ಕ್ಷಣದಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದಲು ಬೇಕಾದದ್ದು ಡಿಮೆಸೇಜ್ (dmesg) ಎಂಬ ಒಂದು ಪದದ ಕಮಾಂಡ್. ಇತ್ತೀಚಿನ ಮೌಂಟ್ ಆವೃತ್ತಿಗಳು ‘ಹೆಚ್ಚಿನ ವಿವರ ಡಿಮೆಸೇಜಿನಲ್ಲಿರಬಹುದು’ ಎಂದು ತಾವೇ ಬಾಯಿಬಿಟ್ಟು ಹೇಳುತ್ತವೆ. ಇಷ್ಟಾದ ಮೇಲೂ ಐದು ಊಹೆಗಳಲ್ಲಿ ‘ಸೂಪರ್‌ಬ್ಲಾಕ್ ಕೆಟ್ಟಿದೆ’ ಎಂಬ ಒಂದನ್ನೇ ಹೆಕ್ಕಿಕೊಂಡು ತೀರ್ಪು ಕೊಡುವವರನ್ನು ತಜ್ಞರೆಂದು ಕರೆಯುತ್ತೇವಲ್ಲ, ನಮಗೇನಾಗಿದೆ?

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಇಟ್ಟುಕೊಂಡಿರುವವರ ಪಾಡನ್ನು ನೋಡಿ. ನಮ್ಮ ಕಾಲೇಜು ಹುಡುಗರಲ್ಲಿ ಹೀಗೆ ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಒಂದು ದಿನ ಉಬುಂಟುವಿನಿಂದ ಡಿ ಡ್ರೈವ್ ತೆರೆಯುವುದಿಲ್ಲ, ತೆರೆದರೂ ಫೈಲ್ ಉಳಿಸಲು ಬಿಡುವುದಿಲ್ಲ. ‘ಲಿನಕ್ಸ್ ಅಂದ್ರೆ ಹೀಗೇ’ ಎಂಬ ಗೊಣಗಾಟ ಶುರು. ತಪ್ಪು ಲಿನಕ್ಸಿನದಲ್ಲವೇ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ತಂದಿತು. ನೀವು ಶಟ್ ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಕರ್ನಲ್ಲಿನ ಸ್ಥಿತಿಯನ್ನು ಒಂದು ಫೈಲಿಗೆ ಬರೆದು ಅರೆನಿದ್ದೆಗೆ ಜಾರುತ್ತದೆ. ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಲೆಕ್ಕವೂ ಆ ಸ್ಥಿತಿಯಲ್ಲಿ ಸೇರಿರುತ್ತದೆ. ಈ ನಡುವೆ ಲಿನಕ್ಸ್ ಅದೇ ವಿಭಾಗಕ್ಕೆ ಹೊಸದೇನಾದರೂ ಬರೆದರೆ, ವಿಂಡೋಸ್ ಎದ್ದಾಗ ಹಳೆಯ ಲೆಕ್ಕವನ್ನೇ ನಂಬಿ ಬರೆಯುತ್ತದೆ, ಎರಡೂ ಲೆಕ್ಕ ಡಿಕ್ಕಿ ಹೊಡೆದು ಫೈಲುಗಳು ಚಿಂದಿಯಾಗುತ್ತವೆ. ಇದನ್ನು ತಿಳಿದೇ, ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕುಗಳನ್ನು ಲಿನಕ್ಸಿನಲ್ಲಿ ಓದುವ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ‘ವಿಂಡೋಸ್ ಹೈಬರ್ನೇಟ್ ಆಗಿದೆ, ಮೌಂಟ್ ಮಾಡುವುದಿಲ್ಲ’ ಎಂದು ನೇರವಾಗಿ ಹೇಳುತ್ತದೆ. ಕಾರಣವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಪರಿಹಾರವೋ, ನಗು ಬರುವಷ್ಟು ಸುಲಭ. ವಿಂಡೋಸಿಗೆ ಹೋಗಿ ಶಿಫ್ಟ್ ಒತ್ತಿ ಹಿಡಿದು ಶಟ್ ಡೌನ್ ಮಾಡಿ. ಅಥವಾ ರೀಸ್ಟಾರ್ಟ್ ಕೊಟ್ಟು ನೇರ ಉಬುಂಟುವಿಗೆ ಬನ್ನಿ. ರೀಸ್ಟಾರ್ಟ್ ಮಾಡಿದಾಗ ಫಾಸ್ಟ್ ಸ್ಟಾರ್ಟಪ್ ಅಡ್ಡ ಬರುವುದಿಲ್ಲ. ಶಾಶ್ವತವಾಗಿ ಬೇಕಾದರೆ ಪವರ್ ಸೆಟ್ಟಿಂಗಿನಲ್ಲಿ ಆ ಸೌಲಭ್ಯವನ್ನು ಆರಿಸಿ. ಎರಡು ನಿಮಿಷದ ಕೆಲಸ, ಒಂದು ಫೈಲೂ ಹೋಗುವುದಿಲ್ಲ. ಆದರೆ ಕಮಾಂಡ್ ಹಂಚುವ ಪಂಡಿತರು ಹೇಳಿಕೊಡುವುದು ಇದನ್ನಲ್ಲ. ಹೈಬರ್ನೇಷನ್ ಫೈಲನ್ನೇ ಅಳಿಸಿ ಮೌಂಟ್ ಮಾಡುವ ಆಯ್ಕೆಯನ್ನು ಹೇಳಿಕೊಡುತ್ತಾರೆ. ವಿಂಡೋಸ್ ಬರೀ ಫಾಸ್ಟ್ ಸ್ಟಾರ್ಟಪ್ಪಿನಲ್ಲಿತ್ತೋ, ಅಥವಾ ಹತ್ತು ಕಡತ ತೆರೆದಿಟ್ಟು ನಿಜವಾಗಿಯೇ ಹೈಬರ್ನೇಟ್ ಮಾಡಿದ್ದರೋ ಎಂದು ಆ ಆಯ್ಕೆ ವಿಚಾರಿಸುವುದಿಲ್ಲ. ಎರಡನೆಯದಾಗಿದ್ದರೆ ಉಳಿಸದೆ ಬಿಟ್ಟಿದ್ದ ಕೆಲಸವೆಲ್ಲ ಮಣ್ಣುಪಾಲು.

ಇನ್ನೊಂದು ಗುಂಪಿನವರ ರಾಮಬಾಣ ಎನ್‌ಟಿಎಫ್‌ಎಸ್‌ಫಿಕ್ಸ್. ಹೆಸರಿನಲ್ಲೇ ‘ಫಿಕ್ಸ್’ ಇದೆಯಲ್ಲ, ಇನ್ನೇನು ಬೇಕು! ತಾನು ವಿಂಡೋಸಿನ ಚೆಕ್‌ಡಿಸ್ಕಿಗೆ ಬದಲಿ ಅಲ್ಲವೆಂದು ಅದರ ಕೈಪಿಡಿಯೇ ಹೇಳುತ್ತದೆ. ಅದು ಮಾಡುವುದು ಕೆಲವು ಮೂಲಭೂತ ಎಡವಟ್ಟುಗಳನ್ನು ತಿದ್ದುವುದು, ಜರ್ನಲನ್ನು ಖಾಲಿ ಮಾಡುವುದು, ಮುಂದಿನ ಸಲ ವಿಂಡೋಸ್ ಪರೀಕ್ಷೆ ಮಾಡಲೆಂದು ಗುರುತು ಹಾಕುವುದು. ಆ ಗುರುತನ್ನೂ ಅಳಿಸುವ ಆಯ್ಕೆ ಒಂದಿದೆ. ನಮ್ಮ ಸಲಹೆಗಾರರಿಗೆ ಪ್ರಿಯವಾದದ್ದು ಅದೇ. ‘ಇಲ್ಲಿ ತೊಂದರೆಯಿದೆ’ ಎಂಬ ಚೀಟಿಯನ್ನು ಕಿತ್ತೆಸೆದರೆ ತೊಂದರೆಯೇ ಇಲ್ಲವಾದಂತೆ! 2021ರಲ್ಲಿ ಲಿನಕ್ಸ್ 5.15ರೊಡನೆ ಎನ್‌ಟಿಎಫ್‌ಎಸ್-3 ಎಂಬ ಹೊಸ ಡ್ರೈವರ್ ಕರ್ನಲ್ಲಿಗೇ ಸೇರಿತು. ಸರಿಯಾಗಿ ಮುಚ್ಚದ ವಿಭಾಗವನ್ನು ಅದೂ ಒಪ್ಪುವುದಿಲ್ಲ, ‘ಫೋರ್ಸ್’ ಎಂದರೆ ಮಾತ್ರ ಒಪ್ಪುತ್ತದೆ. ಆ ಆಯ್ಕೆಯನ್ನು ಬಳಸುವುದು ಒಳ್ಳೆಯದಲ್ಲ ಎಂದು ಅದನ್ನು ಬರೆದವರೇ ದಾಖಲೆಯಲ್ಲಿ ಸೇರಿಸಿದ್ದಾರೆ. ಬರೆದವರಿಗಿಂತ ಹೆಚ್ಚು ಬಲ್ಲವರು ನಮ್ಮ ಬೀದಿಯಲ್ಲಿದ್ದಾರೆ ಅನ್ನಿ.

ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಬಹಳಷ್ಟು ಕಂಪ್ಯೂಟರುಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಕೊಂಡವರಿಗೆ ಅದರ ಅರಿವೇ ಇರುವುದಿಲ್ಲ. ಆ ಡಿಸ್ಕನ್ನು ಲಿನಕ್ಸಿಗೆ ಜೋಡಿಸಿದರೆ ‘ಬಿಟ್‌ಲಾಕರ್ ಎಂಬ ಫೈಲ್‌ಸಿಸ್ಟಂ ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಇದರಲ್ಲಿ ಕೆಟ್ಟದ್ದು ಏನಿದೆ? ಡಿಸ್ಕ್ ಆರೋಗ್ಯವಾಗಿದೆ, ಬೀಗ ಹಾಕಿದೆ, ಬೀಗದ ಹೆಸರನ್ನೂ ಹೇಳುತ್ತಿದೆ. ಕೀಲಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ 48 ಅಂಕಿಗಳ ರೂಪದಲ್ಲಿ ಇರುತ್ತದೆ. 2020ರಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.3ರಿಂದ ಲಿನಕ್ಸಿನಲ್ಲೂ ಅದನ್ನು ತೆರೆಯಬಹುದು. ಲಕ್ಸ್ ಬೀಗ ಹಾಕಿದ ಲಿನಕ್ಸ್ ಡಿಸ್ಕುಗಳದೂ, ಎಲ್‌ವಿಎಂ, ರೇಡ್ ವ್ಯವಸ್ಥೆಯ ಸದಸ್ಯ ಡಿಸ್ಕುಗಳದೂ ಇದೇ ಕಥೆ. ನೇರವಾಗಿ ಮೌಂಟ್ ಆಗುವುದು ಅವುಗಳ ಸ್ವಭಾವವೇ ಅಲ್ಲ. ಎಲ್‌ಎಸ್‌ಬಿಎಲ್‌ಕೆ ಎಂಬ ಕಮಾಂಡಿಗೆ ಎಫ್ ಸೇರಿಸಿ ಓಡಿಸಿದರೆ ಯಾವ ವಿಭಾಗದಲ್ಲಿ ಏನಿದೆ ಎಂದು ಒಂದು ಪರದೆಯಲ್ಲಿ ತೋರಿಸುತ್ತದೆ. ಅದು ಏನನ್ನೂ ಬರೆಯುವುದಿಲ್ಲ, ಏನನ್ನೂ ಕೆಡಿಸುವುದಿಲ್ಲ, ಬರೀ ನೋಡಿ ಹೇಳುತ್ತದೆ. ಅಷ್ಟನ್ನೂ ನೋಡದವರು ‘ಡಿಸ್ಕ್ ರೆಕಗ್ನೈಸ್ ಆಗ್ತಿಲ್ಲ’ ಎಂದು ರೋಗಪತ್ರ ಬರೆಯುತ್ತಾರೆ.

ಫಾರ್ಮ್ಯಾಟ್ ಚಟಕ್ಕೆ ಕಾರಣವಾದವರಲ್ಲಿ ದೊಡ್ಡ ಕಂಪನಿಗಳೂ ಇವೆ ಎಂಬುದನ್ನು ಬಿಡಬಾರದು. ಲಿನಕ್ಸಿನ ಇಎಕ್ಸ್‌ಟಿ-4 ಇರುವ ಡಿಸ್ಕನ್ನು ವಿಂಡೋಸಿಗೆ ಚುಚ್ಚಿ ನೋಡಿ. ‘ಇದನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು’ ಎಂಬ ಪೆಟ್ಟಿಗೆ ಧುತ್ತೆಂದು ಎದ್ದು ನಿಲ್ಲುತ್ತದೆ, ಗುಂಡಿ ಕೈಗೆಟುಕುವಲ್ಲೇ ಇರುತ್ತದೆ. ಮ್ಯಾಕ್ ಕೂಡ ಓದಲಾಗದ ಡಿಸ್ಕಿಗೆ ‘ಇನಿಷಿಯಲೈಸ್’ ಗುಂಡಿ ತೋರಿಸುತ್ತದೆ. ತನಗೆ ಓದಲು ಬಾರದ ಭಾಷೆಯ ಪುಸ್ತಕ ಕಂಡರೆ ಹಾಳೆಗಳನ್ನೆಲ್ಲ ಖಾಲಿ ಮಾಡಿಕೊಡಲೇ ಎಂದು ಕೇಳುವ ಗ್ರಂಥಪಾಲಕನನ್ನು ನೀವು ಎಷ್ಟು ದಿನ ಕೆಲಸದಲ್ಲಿ ಇಟ್ಟುಕೊಳ್ಳುತ್ತೀರಿ? ‘ನನಗೆ ಇದು ಗೊತ್ತಿಲ್ಲ’ ಎನ್ನಬೇಕಾದಲ್ಲಿ ‘ಇದನ್ನು ಅಳಿಸು’ ಎನ್ನುವ ಅಹಂಕಾರವನ್ನು ಕೋಟ್ಯಂತರ ಜನ ದಿನವೂ ನೋಡಿ ನೋಡಿ ಸಹಜವೆಂದು ಕಲಿತಿದ್ದಾರೆ. ಅಂಗಡಿಯ ಹುಡುಗನೂ ಅಲ್ಲೇ ಕಲಿತದ್ದು.

ನಿಜವಾಗಿ ಸಾಯುತ್ತಿರುವ ಡಿಸ್ಕಿನ ವಿಚಾರಕ್ಕೆ ಬಂದರೆ ಈ ಅವಿವೇಕ ಕ್ರೌರ್ಯವಾಗುತ್ತದೆ. ಡೆಬಿಯನ್‌ನಂಥ ಲಿನಕ್ಸ್ ಸ್ಥಾಪಿಸುವಾಗ ಮೂಲ ವಿಭಾಗಕ್ಕೆ ಒಂದು ಸೂಚನೆ ಬರೆದಿಟ್ಟಿರುತ್ತಾರೆ: ದೋಷ ಕಂಡರೆ ತಕ್ಷಣ ಓದಲು ಮಾತ್ರ ಎಂಬ ಸ್ಥಿತಿಗೆ ತಿರುಗಿಕೊ. ಹಾನಿ ಮುಂದುವರಿಯದಿರಲಿ, ಇರುವಷ್ಟನ್ನು ನಕಲು ಮಾಡಿಕೊಳ್ಳಲು ಸಮಯ ಸಿಗಲಿ ಎಂಬುದು ಅದರ ಉದ್ದೇಶ. ಅಂಥ ಹೊತ್ತಿನಲ್ಲಿ ನಮ್ಮ ಸಲಹೆ ಏನು? ‘ರೀಮೌಂಟ್ ಮಾಡಿ, ಬರೆಯಲು ಬಿಡುತ್ತೆ.’ ಬಿಡುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಇನ್ನಷ್ಟು ಬರೆಯಲು ಬಿಡುತ್ತದೆ. ಅದರ ಬೆನ್ನಿಗೇ ಎಫ್‌ಎಸ್‌ಸಿಕೆ, ಅದಕ್ಕೆ ‘ವೈ’ ಬಾಲ, ಅಂದರೆ ಏನು ಕೇಳಿದರೂ ಹೂಂ ಅನ್ನು. ಎಫ್‌ಎಸ್‌ಸಿಕೆ ಫೈಲ್‌ಸಿಸ್ಟಮ್ಮಿನ ರಚನೆಯನ್ನು ಸರಿಪಡಿಸುವ ಪ್ರೋಗ್ರಾಂ. ನಿಮ್ಮ ಫೈಲುಗಳನ್ನು ಉಳಿಸಿಕೊಡುವುದು ಅದರ ಮೊದಲ ಕರ್ತವ್ಯವಲ್ಲ. ಲೆಕ್ಕ ತಾಳೆಯಾಗದಿದ್ದರೆ ಕೊಂಡಿ ಕತ್ತರಿಸಿ, ಅನಾಥವಾದದ್ದನ್ನು ಹೆಸರಿಲ್ಲದೆ ಒಂದು ಮೂಲೆಗೆ ಹಾಕಿ ಮುಂದೆ ಹೋಗುತ್ತದೆ. ಡಿಸ್ಕಿನ ಭೌತಿಕ ಭಾಗವೇ ಕೈಕೊಡುತ್ತಿರುವಾಗ ಅದನ್ನು ಓಡಿಸಿದರೆ, ಓದಲಾಗದ್ದನ್ನೆಲ್ಲ ಇಲ್ಲವೆಂದು ತಿಳಿದು ಕತ್ತರಿಸುತ್ತಾ ಹೋಗುವ ಅಪಾಯವಿದೆ. ಮೌಂಟ್ ಆಗಿರುವ ವಿಭಾಗದ ಮೇಲೆಯೇ ಓಡಿಸುವ ಧೀರರೂ ಇದ್ದಾರೆ. ‘ಮುಂದುವರಿದರೆ ಭಾರಿ ಹಾನಿ ಖಂಡಿತ’ ಎಂದು ಪ್ರೋಗ್ರಾಂ ದಪ್ಪಕ್ಷರದಲ್ಲಿ, ನಕ್ಷತ್ರ ಚಿಹ್ನೆ ಹಚ್ಚಿ ಕಿರುಚಿದರೂ ಅವರು ‘ವೈ’ ಒತ್ತುತ್ತಾರೆ.

ಇಲ್ಲಿ ಮಾಡಬೇಕಾದ ಕ್ರಮ ಗುಟ್ಟೇನಲ್ಲ. ಮೊದಲು ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣದಿಂದ ಡಿಸ್ಕಿನ ಆರೋಗ್ಯ ವರದಿ ಓದಬೇಕು. ಅದರಲ್ಲಿ 5, 197, 198 ಎಂಬ ಗುರುತುಸಂಖ್ಯೆಯ ಸಾಲುಗಳು ಮುಖ್ಯ: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳೆಷ್ಟು, ಓದಲಾಗದೆ ಬಾಕಿ ಉಳಿದವೆಷ್ಟು, ಕೈಬಿಟ್ಟವೆಷ್ಟು. ಬಾಕಿ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕನ್ನು ರಿಪೇರಿ ಮಾಡುವ ಆಸೆ ಬಿಡಬೇಕು, ನಕಲು ತೆಗೆಯಬೇಕು. ಅದಕ್ಕೆಂದೇ ಡಿಡಿರೆಸ್ಕ್ಯೂ ಇದೆ. ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳನ್ನು ಕಡೆಗೆ ಬಿಟ್ಟು, ಎಲ್ಲಿಯವರೆಗೆ ಬಂದೆ ಎಂಬ ನಕ್ಷೆಯನ್ನು ಬರೆದಿಟ್ಟುಕೊಂಡು ಕೆಲಸ ಮಾಡುತ್ತದೆ. ನಿಲ್ಲಿಸಿ ಮತ್ತೆ ಶುರುಮಾಡಬಹುದು. ಎಫ್‌ಎಸ್‌ಸಿಕೆಯನ್ನೋ ಟೆಸ್ಟ್‌ಡಿಸ್ಕನ್ನೋ ಓಡಿಸುವುದಿದ್ದರೆ ಆ ನಕಲಿನ ಮೇಲೆ. ಇಎಕ್ಸ್‌ಟಿ-4ರಲ್ಲಿ ಮೊದಲ ಸೂಪರ್‌ಬ್ಲಾಕ್ ನಿಜವಾಗಿಯೂ ಕೆಟ್ಟಿದ್ದರೂ ಅದರ ಮೀಸಲು ಪ್ರತಿಗಳು ಡಿಸ್ಕಿನಲ್ಲೇ ಹಲವೆಡೆ ಇರುತ್ತವೆ. ಸಾಮಾನ್ಯವಾದ 4 ಕಿಲೋಬೈಟ್ ಬ್ಲಾಕಿನ ವಿಭಾಗದಲ್ಲಿ ಮೊದಲ ಮೀಸಲು ಪ್ರತಿ 32768ನೇ ಬ್ಲಾಕಿನಲ್ಲಿದೆ. ಕೆಡುತ್ತದೆಂದು ಮುಂಚೆಯೇ ಯೋಚಿಸಿ ಪ್ರತಿ ಇಟ್ಟವರ ದೂರದೃಷ್ಟಿಯನ್ನು ಒಂದು ಫಾರ್ಮ್ಯಾಟಿನಲ್ಲಿ ಒರೆಸಿಹಾಕುವುದು ನಮ್ಮ ಜಾಣತನ.

‘ಫಾರ್ಮ್ಯಾಟ್ ಮಾಡಿದ್ರೂ ರಿಕವರಿ ಸಾಫ್ಟ್‌ವೇರ್ ಇದೆಯಲ್ಲ ಸಾರ್, ವಾಪಸ್ ತರಬಹುದು’ ಎಂಬ ಸಮಾಧಾನವನ್ನೂ ಇವರು ಹೇಳುತ್ತಾರೆ. ಇದು ತಿರುಗುವ ತಟ್ಟೆಗಳ ಹಾರ್ಡ್‌ಡಿಸ್ಕಿನ ಕಾಲದ ಮಾತು. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂದರೆ ಬರೀ ಸೂಚಿಯನ್ನು ಅಳಿಸುವುದು, ಅಸಲು ಹಾಗೇ ಇರುತ್ತಿತ್ತು. ಇವತ್ತಿನ ಲ್ಯಾಪ್‌ಟಾಪಿನಲ್ಲಿರುವುದು ಎಸ್‌ಎಸ್‌ಡಿ. ಇಎಕ್ಸ್‌ಟಿ-4 ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ ನೀವು ಹೇಳದೆಯೂ ಆ ವಿಭಾಗದ ಬ್ಲಾಕುಗಳೆಲ್ಲ ಇನ್ನು ಬೇಡವೆಂದು ಎಸ್‌ಎಸ್‌ಡಿಗೆ ಸಾರುತ್ತದೆ. ಎಸ್‌ಎಸ್‌ಡಿ ಅವನ್ನು ತನ್ನ ಪಾಡಿಗೆ ಖಾಲಿ ಮಾಡುತ್ತದೆ. ಆಮೇಲೆ ಫೋಟೊರೆಕ್ ಓಡಿಸಿ, ಇನ್ನೇನನ್ನಾದರೂ ಓಡಿಸಿ, ಸಿಗುವುದು ಸಾಲುಸಾಲು ಸೊನ್ನೆ. ಹಳೆಯ ಧೈರ್ಯವನ್ನು ಹೊಸ ಡಿಸ್ಕಿನ ಮೇಲೆ ತೋರಿಸುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ಗ್ರಾಹಕರ ಡಿಸ್ಕನ್ನು ಮುಟ್ಟುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು?

ಎಷ್ಟೋ ಸಲ ಡಿಸ್ಕೂ ಕೆಟ್ಟಿರುವುದಿಲ್ಲ, ಫೈಲ್‌ಸಿಸ್ಟಮ್ಮೂ ಕೆಟ್ಟಿರುವುದಿಲ್ಲ, ಕೆಟ್ಟಿರುವುದು ನೂರಿನ್ನೂರು ರೂಪಾಯಿಯ ಕೇಬಲ್. ಡಿಮೆಸೇಜಿನಲ್ಲಿ ಯುಎಸ್‌ಬಿ ಸಾಧನದ ವಿವರ ಓದಲಾಗಲಿಲ್ಲ, ದೋಷ ಮೈನಸ್ 71 ಎಂದೋ ಮೈನಸ್ 110 ಎಂದೋ ಬಂದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್, ಪೋರ್ಟ್, ವಿದ್ಯುತ್ ಪೂರೈಕೆ. ಹಬ್ಬಿಗೆ ಸಿಕ್ಕಿಸಿದ ಹೊರಗಿನ ಹಾರ್ಡ್‌ಡಿಸ್ಕ್ ಸಾಕಷ್ಟು ಕರೆಂಟ್ ಸಿಗದೆ ಎದ್ದು ಬಿದ್ದು ಮಾಡುತ್ತಿರುತ್ತದೆ. ಕೇಬಲ್ ಬದಲಿಸುವ ಮುಂಚೆ ಫಾರ್ಮ್ಯಾಟ್ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ. ಸಿಡಿ, ಡಿವಿಡಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವುಗಳ ಕಾಲ ಮುಗಿಯುತ್ತಾ ಬಂದಿದೆ. ಆದರೂ ಅಟ್ಟದಿಂದ ಹಳೆಯ ಭಾವಗೀತೆಗಳ ಆಡಿಯೋ ಸಿಡಿ ಇಳಿಸಿ ‘ಮೌಂಟ್ ಆಗ್ತಿಲ್ಲ, ಡ್ರೈವ್ ಹೋಗಿದೆ’ ಎನ್ನುವವರಿಗೆ ಒಂದು ಮಾತು: ಆಡಿಯೋ ಸಿಡಿಯಲ್ಲಿ ಫೈಲ್‌ಸಿಸ್ಟಮ್ಮೇ ಇರುವುದಿಲ್ಲ, ಅದು ಮೌಂಟ್ ಆಗುವಂಥದ್ದಲ್ಲ, ಪ್ಲೇಯರಿನಲ್ಲಿ ನುಡಿಸಿ.

ಎಫ್‌ಎಸ್‌ಟ್ಯಾಬಿನ ಸಂಗತಿ ಇನ್ನೂ ಸೋಜಿಗದ್ದು. ಕಂಪ್ಯೂಟರ್ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಸೇರಿಸಬೇಕು ಎಂದು ಬರೆದಿಡುವ ಸಣ್ಣ ಪಠ್ಯ ಫೈಲ್ ಅದು, ಸಾಲಿಗೆ ಆರು ಅಂಕಣ. ಎರಡನೇ ಡಿಸ್ಕೊಂದಕ್ಕೆ ಅದರಲ್ಲಿ ಸಾಲು ಬರೆದು, ಆಮೇಲೆ ಆ ಡಿಸ್ಕನ್ನು ತೆಗೆದರೆ, ಮುಂದಿನ ಬೂಟಿನಲ್ಲಿ, ಬೂಟ್ ನಡೆಸುವ ಸಿಸ್ಟಂಡಿ 90 ಸೆಕೆಂಡ್ ಅದಕ್ಕಾಗಿ ಕಾಯುತ್ತದೆ, ಬರದಿದ್ದರೆ ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಗೆ ತಳ್ಳುತ್ತದೆ. ಆ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿದರೆ ಮುಗಿಯಿತು. ಸಾಲಿನಲ್ಲಿ ‘ನೋಫೇಲ್’ ಎಂದು ಮೊದಲೇ ಬರೆದಿದ್ದರೆ ಈ ಪರದೆಯೇ ಬರುತ್ತಿರಲಿಲ್ಲ. ಒಂದು ಅಕ್ಷರದಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಉಬುಂಟುವನ್ನು ಮರುಸ್ಥಾಪಿಸುವುದು ಮಾಮೂಲಿ ಚಿಕಿತ್ಸೆಯಾಗಿದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಖಾಯಂ ಅಲ್ಲ, ಒಂದು ಬೂಟಿನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಅದಕ್ಕೇ ವಿಭಾಗದ ಖಾಯಂ ಗುರುತಾದ ಯುಯುಐಡಿ ಬರೆಯಬೇಕು. ಇದು ಗೊತ್ತಿಲ್ಲದೆ ‘ಎಸ್‌ಡಿಬಿ ಫಾರ್ಮ್ಯಾಟ್ ಮಾಡಿ’ ಎಂದು ಫೋನಿನಲ್ಲಿ ಹೇಳುವವರು, ಆ ಕಡೆ ಎಸ್‌ಡಿಬಿ ಇವತ್ತು ಯಾವ ಡಿಸ್ಕು ಎಂದು ಕೇಳುವುದೂ ಇಲ್ಲ.

ಬಲ್ಲವರ ಪಾಪ ಅಂಗಡಿಯವರ ಪಾಪಕ್ಕಿಂತ ದೊಡ್ಡದು. ಅಂಗಡಿಯವನಿಗೆ ಗೊತ್ತಿಲ್ಲ. ಇವರಿಗೆ ಗೊತ್ತು, ಆದರೆ ವಿವರಿಸುವ ವ್ಯವಧಾನವಿಲ್ಲ. ಕೇಳಿದವರಿಗೆ ಒಂದೋ ‘ಕೈಪಿಡಿ ಓದಿಕೊಳ್ಳಿ’ ಎಂಬ ಗದರಿಕೆ, ಇಲ್ಲವೇ ಅರ್ಥ ಹೇಳದ ಒಂದು ಸಾಲಿನ ಮಂತ್ರ. ಫೈಲ್ ಉಳಿಸಲಾಗುತ್ತಿಲ್ಲ ಎಂದರೆ ‘ಸಿಎಚ್‌ಮಾಡ್ 777’ ಎಂದು ಎಸೆಯುತ್ತಾರೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ವಿಭಾಗಗಳಲ್ಲಿ ಯಾರಿಗೆ ಬರೆಯುವ ಅನುಮತಿ ಎಂಬುದು ಸಾಮಾನ್ಯವಾಗಿ ಮೌಂಟ್ ಮಾಡುವಾಗಿನ ಆಯ್ಕೆಗಳಿಂದ ತೀರ್ಮಾನವಾಗುತ್ತದೆ, ಅಲ್ಲಿ ಆ ಮಂತ್ರ ನಡೆಯುವುದಿಲ್ಲ. ಇಎಕ್ಸ್‌ಟಿ-4ರಲ್ಲಿ ನಡೆಯುತ್ತದೆ, ಆದರೆ ಬಾಗಿಲನ್ನೆಲ್ಲ ಊರಿಗೇ ತೆರೆದಿಡುತ್ತದೆ. ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ಯೂನಿಕ್ಸ್ ಪಾಠವಿದೆ, ಫೈಲ್‌ಸಿಸ್ಟಮ್ಮಿನ ಚಿತ್ರ ಬಿಡಿಸಿ ಅಂಕ ಪಡೆಯುವ ಪ್ರಶ್ನೆಯಿದೆ. ಮೌಂಟ್ ಆಗದ ಒಂದು ಡಿಸ್ಕನ್ನು ಮುಂದಿಟ್ಟು ‘ಏಕೆ ಎಂದು ಹೇಳು’ ಎಂದು ಕೇಳುವ ಪರೀಕ್ಷೆ ಎಲ್ಲಿದೆ?

ಡೆಸ್ಕ್‌ಟಾಪ್ ಕಟ್ಟುವವರೂ ಕಟಕಟೆಗೆ ಬರಲೇಬೇಕು. ಪೆನ್‌ಡ್ರೈವ್ ಚುಚ್ಚಿದೊಡನೆ ತೆರೆದುಕೊಳ್ಳುವಂತೆ ಯುಡಿಸ್ಕ್ಸ್ ಎಂಬ ಸೇವೆಯನ್ನು ತೆರೆಮರೆಯಲ್ಲಿ ನಿಲ್ಲಿಸಿದ್ದಾರೆ, ಒಳ್ಳೆಯದು. ಅದು ಎಡವಿದಾಗ ಮಾತ್ರ ಆ ಐದು ಊಹೆಗಳ ಪಟ್ಟಿಯನ್ನೇ ಎತ್ತಿ ಬಳಕೆದಾರರ ಮುಖಕ್ಕೆ ಹಿಡಿಯುತ್ತಾರೆ. ಡಿಸ್ಕಿನಲ್ಲಿರುವುದು ಯಾವ ಫೈಲ್‌ಸಿಸ್ಟಂ ಎಂಬುದು ಯುಡಿಸ್ಕ್ಸಿಗೆ ಆಗಲೇ ಗೊತ್ತು. ಕರ್ನಲ್ಲಿನ ದಿನಚರಿ ಅದೇ ಕಂಪ್ಯೂಟರಿನಲ್ಲಿದೆ. ಎರಡನ್ನೂ ಸೇರಿಸಿ ‘ವಿಂಡೋಸ್ ಪೂರ್ತಿ ಮುಚ್ಚಿಲ್ಲ, ಒಮ್ಮೆ ರೀಸ್ಟಾರ್ಟ್ ಮಾಡಿ ಬನ್ನಿ’ ಎಂದೋ, ‘ಡಿಸ್ಕಿನಲ್ಲಿ ಓದುವ ದೋಷ ಕಾಣುತ್ತಿದೆ, ಮೊದಲು ನಕಲು ಮಾಡಿಕೊಳ್ಳಿ’ ಎಂದೋ ಹೇಳಲು ಏನಡ್ಡಿ? ಐಕಾನುಗಳ ಮೂಲೆ ದುಂಡಗಾಗಿಸುವ ಕೆಲಸಕ್ಕೆ ಸಿಗುವ ಕೈಗಳು ಈ ಒಂದು ಪೆಟ್ಟಿಗೆಗೆ ಸಿಗುವುದಿಲ್ಲವೇಕೆ? ಕನ್ನಡದಲ್ಲಿ ಹೇಳುವುದಂತೂ ದೂರದ ಮಾತು. ಮೆನುಗಳೆಲ್ಲ ಕನ್ನಡಕ್ಕೆ ಬಂದ ಡೆಸ್ಕ್‌ಟಾಪಿನಲ್ಲೂ, ಕರ್ನಲ್ ತನ್ನ ದಿನಚರಿಯನ್ನು ಬರೆಯುವುದು ಇಂಗ್ಲಿಷಿನಲ್ಲೇ.

ಇಷ್ಟೆಲ್ಲ ಕೇಳಿದ ಮೇಲೆ ಬರುವ ಕಡೆಯ ಸಮರ್ಥನೆ ನನಗೆ ಗೊತ್ತು: ‘ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು.’ ಇಟ್ಟುಕೊಳ್ಳಬೇಕಿತ್ತು, ಒಪ್ಪೋಣ. ಬ್ಯಾಕಪ್ ಇಲ್ಲದವರ ಡಿಸ್ಕನ್ನು ಅಳಿಸಲು ಅದು ಪರವಾನಗಿಯೇ? ಬ್ಯಾಕಪ್ ಇಲ್ಲ ಎಂದು ಗೊತ್ತಾದ ಕ್ಷಣ ಕೈ ಇನ್ನಷ್ಟು ಜಾಗರೂಕವಾಗಬೇಕಲ್ಲವೇ? ‘ಗ್ರಾಹಕರಿಗೆ ಅರ್ಜೆಂಟು, ನೋಡುತ್ತಾ ಕೂರಲು ಸಮಯವಿಲ್ಲ’ ಎಂಬುದು ಇನ್ನೊಂದು ಸಬೂಬು. ಡಿಮೆಸೇಜ್, ಎಲ್‌ಎಸ್‌ಬಿಎಲ್‌ಕೆ, ಸ್ಮಾರ್ಟ್‌ಸಿಟಿಎಲ್, ಮೂರನ್ನೂ ಓದಲು ಚಹಾ ತಣ್ಣಗಾಗುವಷ್ಟು ಹೊತ್ತು ಸಾಕು. ಸಮಯವಿಲ್ಲ ಎನ್ನುವವರಿಗೆ ಉಬುಂಟು ಮರುಸ್ಥಾಪಿಸಿ, ಅಪ್‌ಡೇಟ್ ಹಾಕಿ, ಪ್ರಿಂಟರ್ ಜೋಡಿಸಿಕೊಡಲು ಅರ್ಧ ದಿನ ಎಲ್ಲಿಂದ ಸಿಗುತ್ತದೆ? ಆ ಅರ್ಧ ದಿನಕ್ಕೆ ಬಿಲ್ ಹಾಕಬಹುದು, ಕೇಬಲ್ ಬದಲಿಸಿದ್ದಕ್ಕೆ ಹಾಕಲು ಬರುವುದಿಲ್ಲ. ಅಷ್ಟೇ ತಾನೇ?

ಆದ್ದರಿಂದ ಕೇಳಬೇಕಾದದ್ದನ್ನು ಖಡಾಖಂಡಿತವಾಗಿ ಕೇಳೋಣ. ರಿಪೇರಿ ಮಾಡುವವರು ಡಿಸ್ಕಿಗೆ ಒಂದು ಬೈಟ್ ಬರೆಯುವ ಮುಂಚೆ ಕಾರಣವನ್ನು ಚೀಟಿಯಲ್ಲಿ ಬರೆದು ಕೊಡಲಿ: ಕರ್ನಲ್ ಏನು ಹೇಳಿತು, ಫೈಲ್‌ಸಿಸ್ಟಂ ಯಾವುದು, ಆರೋಗ್ಯ ವರದಿಯಲ್ಲಿ ಏನಿತ್ತು. ಕಾಲೇಜುಗಳು ಫೈಲ್‌ಸಿಸ್ಟಮ್ಮಿನ ಚಿತ್ರಕ್ಕೆ ಕೊಡುವ ಅಂಕಗಳಲ್ಲಿ ಅರ್ಧವನ್ನು ಮೌಂಟ್ ಆಗದ ಡಿಸ್ಕಿನ ಕಾರಣ ಹುಡುಕುವುದಕ್ಕೆ ಕೊಡಲಿ. ಸಲಹೆ ಕೊಡುವವರು ಬರೆಯುವ ಕಮಾಂಡಿಗೆ ಮುಂಚೆ ಓದುವ ಕಮಾಂಡ್ ಕೊಡಲಿ, ಅದರ ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರಲಿ. ಡೆಸ್ಕ್‌ಟಾಪ್ ಕಟ್ಟುವವರು, ಓದಲಾಗದ ಡಿಸ್ಕಿನ ಪಕ್ಕದಲ್ಲಿ ಫಾರ್ಮ್ಯಾಟ್ ಗುಂಡಿಯಿಟ್ಟ ದೊಡ್ಡ ಕಂಪನಿಗಳೂ ಸೇರಿ, ಆ ಗುಂಡಿಯನ್ನು ಅಲ್ಲಿಂದ ಕೀಳಲಿ.

ಓದುಗರೇ, ಇದಾವುದೂ ನಾಳೆ ಬೆಳಿಗ್ಗೆ ಆಗುವುದಿಲ್ಲ. ನೀವು ಮಾಡಬಹುದಾದದ್ದು ಮಾತ್ರ ಇವತ್ತೇ ಸಾಧ್ಯ. ನಿಮ್ಮ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎಂದು ಯಾರಾದರೂ ಹೇಳಿದರೆ, ಡಿಮೆಸೇಜಿನ ಕೊನೆಯ ಇಪ್ಪತ್ತು ಸಾಲು ತೋರಿಸಿ ಎಂದು ಕೇಳಿ. ತೋರಿಸಲಾಗದವರ ಕೈಗೆ ಡಿಸ್ಕ್ ಕೊಡಬೇಡಿ.